"ಸೂಜಿ ಚುಚ್ಚಿದ್ರೆ ಹರಡಲ್ವಾ?" ಅಂತ ಕೇಳುವವರಿಗೆ

ಎದೆಯೊಳಗಿನ ಗಂಟಿಗೆ ಸೂಜಿ ಹಾಕಿಸಿ ಪರೀಕ್ಷೆ ಮಾಡಿಸಿಕೊಂಡೆ. ಕೆಣಕಿದ್ರೆ ಕ್ಯಾನ್ಸರ್ ಹರಡಲ್ವಾ ಅಂತ ಕೇಳುತ್ತಾರೆ. ಹರಡಲಿಲ್ಲ. ಹರಡುವುದಕ್ಕೆ ಅಲ್ಲಿ ಕ್ಯಾನ್ಸರ್ ಇರಲೇ ಇಲ್ಲ. ಉತ್ತರ ಇಷ್ಟೇ. ಅವಸರ ಇದ್ದವರು ಇಲ್ಲೇ ಎದ್ದು ಹೋಗಬಹುದು.

ಮೂರು ತಿಂಗಳು ಒಣಕೆಮ್ಮು ಬಿಡಲಿಲ್ಲ. ಸಿಟಿ ಸ್ಕ್ಯಾನ್ ಮಾಡಿದರೆ ಎರಡು ಶ್ವಾಸಕೋಶಗಳ ನಡುವೆ ಲಿಂಫ್ ನೋಡ್‌ಗಳು (ಸೋಂಕಿನ ವಿರುದ್ಧ ಹೋರಾಡುವ ಪುಟ್ಟ ಗ್ರಂಥಿಗಳು) ಊದಿ ಗಂಟಾಗಿದ್ದವು. ಕತ್ತಿನ ಗಂಟಾಗಿದ್ದರೆ ಕೈಗೆ ಸಿಗುತ್ತಿತ್ತು. ಇವು ಶ್ವಾಸನಾಳದ ಹೊರಗೋಡೆಗೆ ಆತುಕೊಂಡು ಕೂತಿರುತ್ತವೆ, ಪಕ್ಕದಲ್ಲೇ ದೊಡ್ಡ ರಕ್ತನಾಳಗಳು. ಡಾಕ್ಟರು "ಈಬಸ್ ಮಾಡೋಣ" ಅಂದರು. "ಯಾವ ಬಸ್ಸು?" ಅಂತ ಅಮ್ಮ ಕೇಳಿದಳು.

ಬಾಯಿಂದ ಶ್ವಾಸನಾಳಕ್ಕೆ ಇಳಿಸುವ ಕೊಳವೆ ಅದು. ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್. ಗಂಟು ಯಾವುದು, ರಕ್ತನಾಳ ಯಾವುದು ಅಂತ ಪರದೆ ಮೇಲೆ ನೋಡಿಕೊಂಡೇ ಸೂಜಿ ಚುಚ್ಚುತ್ತಾರೆ. ಮೊದಲು ಗಂಟಲಿಗೆ ಮರಗಟ್ಟಿಸುವ ಲಿಗ್ನೊಕೇನ್ ಸ್ಪ್ರೇ ಹೊಡೆದರು. ಹಸಿ ಹಾಗಲಕಾಯಿ ಜಗಿದಷ್ಟು ಕಹಿ. ಸ್ವಲ್ಪ ಹೊತ್ತಿಗೆ ನಾಲಿಗೆ ಯಾರದೋ ಅನ್ನಿಸಿತು. ಆಮೇಲೆ ಮಂಪರಿನ ಇಂಜೆಕ್ಷನ್. ಸಂಜೆಗೆ ಮನೆಯಲ್ಲಿದ್ದೆ, ಒಂದು ಹೊಲಿಗೆಯೂ ಇಲ್ಲ. 1959ರಲ್ಲಿ ಸ್ವೀಡನ್ನಿನ ಕಾರ್ಲೆನ್ಸ್ ಎಂಬ ಡಾಕ್ಟರು ತೋರಿಸಿಕೊಟ್ಟ ಹಾಗೆ, ಕತ್ತಿನ ಬುಡದಲ್ಲಿ ಕೊಯ್ದು ಒಳಗಿಳಿಯುವ ದಾರಿಯೂ ಇದೆ. ಲಿಂಫೋಮಾ, ಅಂದರೆ ಲಿಂಫ್ ನೋಡ್‌ಗಳ ಕ್ಯಾನ್ಸರ್, ಅನುಮಾನ ಇದ್ದು, ಸೂಜಿಯಲ್ಲಿ ಬಂದ ಚೂರು ಸಾಲದಿದ್ದರೆ ಈಗಲೂ ಅದು ಬೇಕಾಗುತ್ತದೆ.

ಈಗ ಆ ಪ್ರಶ್ನೆ. ಗೃಹಪ್ರವೇಶದ ಪಂಕ್ತಿ, ಹೋಳಿಗೆಗೆ ತುಪ್ಪ ಬೀಳುತ್ತಿದೆ. ಎದುರು ಸಾಲಿನಿಂದ ದೊಡ್ಡಪ್ಪ ಕೂಗಿದರು: "ಗಂಟಿಗೆ ಸೂಜಿ ಹಾಕಿಸಿದ್ಯಂತೆ? ಕೆಣಕಿದ್ರೆ ಹರಡಲ್ವೇನೋ?" ಬಡಿಸುವವನ ಸೌಟು ಗಾಳಿಯಲ್ಲೇ ನಿಂತಿತು. ಕೆಣಕುವುದಕ್ಕೆ ಅದೇನು ಹಾವೇ? ಹೀಗೆ ಸೂಜಿಯಿಂದ ಕ್ಯಾನ್ಸರ್ ಹರಡುವುದು ತೀರಾ ಅಪರೂಪ. ಹೆದರಿ ಪರೀಕ್ಷೆ ಮುಂದೂಡುತ್ತಾ ಕೂತರೆ ಅದು ಯಾರ ಸಹಾಯವೂ ಇಲ್ಲದೆ ಹರಡುತ್ತದೆ. ಇದನ್ನೆಲ್ಲ ಅಲ್ಲಿ ಹೇಳಲಿಲ್ಲ. "ತುಪ್ಪ ಹಾಕಿಸ್ಕೊಳ್ಳಿ ದೊಡ್ಡಪ್ಪ" ಅಂದೆ.

ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ. ಇದಕ್ಕೂ ಮುಂಚೆ ಇನ್ನೊಂದು ಕಡೆ ತೋರಿಸಿದ್ದೆ. ಅಲ್ಲಿ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು, "ನಮ್ಮಲ್ಲಿ ಟಿಬಿನೇ ಜಾಸ್ತಿ, ಆರು ತಿಂಗಳು ಮಾತ್ರೆ ತಗೊಳ್ಳಿ" ಅಂದಿದ್ದರು. ಬರೀ ಅಂದಾಜಿನ ಮೇಲೆ! ಮೊದಲೆರಡು ತಿಂಗಳು ನಾಲ್ಕು ಔಷಧಿ, ಅದರಲ್ಲಿ ಮೂರು ಲಿವರ್‌ಗೆ ಪೆಟ್ಟು ಕೊಡಬಲ್ಲವು. "ಗೊತ್ತಿಲ್ಲದ ಕಾಯಿಲೆಗೆ ಮಾತ್ರೆ ನುಂಗ್ತೀಯಾ?" ಅಂತ ಆಗ ಒಬ್ಬರಾದರೂ ಕೇಳಿದರಾ? ದೊಡ್ಡಪ್ಪ ಬಾದಾಮಿ ತಿನ್ನು ಅಂದರು.

ಸೂಜಿಯಲ್ಲಿ ಬಂದದ್ದನ್ನು ಟಿಬಿ ಕ್ರಿಮಿಯ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ಹಾಕಿದರು, ಟಿಬಿ ಇಲ್ಲ. ಕ್ರಿಮಿ ಬೆಳೆಯುತ್ತದಾ ಅಂತ ನೋಡುವ ಕಲ್ಚರ್‌ಗೆ ಆರು ವಾರ ಕಾದೆ, ಅಲ್ಲೂ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಗ್ರಾನುಲೋಮಾ, ಅಂದರೆ ರಕ್ಷಣಾ ಕೋಶಗಳು ಗುಂಪುಗೂಡಿದ ಪುಟ್ಟ ಗಂಟು, ಕಂಡಿತು. ಎಲ್ಲ ಸೇರಿಸಿ ನೋಡಿ ಸಾರ್ಕಾಯ್ಡೋಸಿಸ್ ಅಂದರು: ದೇಹದ ರಕ್ಷಣಾ ವ್ಯವಸ್ಥೆಯೇ ಇಂಥ ಗಂಟು ಕಟ್ಟುವ ಕಾಯಿಲೆ, ಕ್ಯಾನ್ಸರ್ ಅಲ್ಲ. ಸ್ಕ್ಯಾನ್‌ನಲ್ಲಿ ಇದೂ ಟಿಬಿಯೂ ಎಷ್ಟೋ ಸಲ ಅಣ್ಣತಮ್ಮಂದಿರ ಹಾಗೆ. ಸಾರ್ಕಾಯ್ಡ್ ಜೋರಾದರೆ ಕೊಡುವುದು ಸ್ಟೀರಾಯ್ಡ್. ಟಿಬಿ ಇರುವವರಿಗೆ ತಪ್ಪಾಗಿ ಬರೀ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಕೆರಳುತ್ತದೆ. ಕೆಣಕುವುದು ಅಂದ್ರೆ ಅದು, ದೊಡ್ಡಪ್ಪ.

ನನ್ನದು ಜೋರಿಲ್ಲ, ಬಹಳ ಜನರಿಗೆ ತಾನಾಗೇ ಇಳಿಯುತ್ತದೆ ಅಂತ ಔಷಧಿಯನ್ನೇ ಕೊಡಲಿಲ್ಲ. ಮೂರು ತಿಂಗಳು ಬಿಟ್ಟು ಬಂದು ತೋರಿಸಿ ಅಂದರು. ಈಗ ಹೊಸ ಪ್ರಶ್ನೆ ಶುರುವಾಗಿದೆ: "ಅಷ್ಟೆಲ್ಲಾ ಚುಚ್ಚಿ ಒಂದು ಮಾತ್ರೆನೂ ಬರ್ಕೊಡ್ಲಿಲ್ವಾ? ಎಂಥಾ ಡಾಕ್ಟ್ರು!"