ತೋಳಿನ ಮೇಲಿನ ರವೆ

ಇವತ್ತು ಮೆಟ್ರೋದಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ತೋಳು ನೋಡಿ, "ಏನಮ್ಮಾ, ಚಳಿ ಆಗ್ತಿದೆಯಾ?" ಎಂದರು. ಚಳಿಯಲ್ಲ ಅಜ್ಜೀ, ಚಿಕ್ಕಂದಿನಿಂದಲೂ ಹೀಗೇ. ಸಣ್ಣ ರವೆ ಉದುರಿಸಿ ಅಂಟಿಸಿದ ಹಾಗೆ.

ಕೆರಟೋಸಿಸ್ ಪಿಲಾರಿಸ್ ಅಂತ ಹೆಸರು. ಹೆಸರಿಗಷ್ಟೇ ದೊಡ್ಡದು. ಕೂದಲು ಹೊರಬರುವ ರಂಧ್ರದಲ್ಲಿ ಕೆರಟಿನ್ ಎಂಬ ಪ್ರೋಟೀನ್ ಜಾಸ್ತಿಯಾಗಿ ಬಿರಡೆ ಥರ ಕೂತುಬಿಡುತ್ತದೆ, ಅಷ್ಟೇ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಮನೆತನದಲ್ಲಿ ಬರುತ್ತದೆ. ಅಮ್ಮನಿಗೂ ಇದೆ.

ಕಾಲೇಜಿನ ದಿನಗಳಲ್ಲಿ ಇದನ್ನು ಕೊಳೆ ಅಂದುಕೊಂಡು ತೆಂಗಿನ ನಾರಿನಲ್ಲಿ ಉಜ್ಜಿದ್ದೇ ಉಜ್ಜಿದ್ದು. ಮೂರು ದಿನ ತೋಳು ಕೆಂಪಗೆ ಉರಿಯುತ್ತಿತ್ತು, ರವೆ ಮಾತ್ರ ಅಲ್ಲೇ. ಚರ್ಮದ ಡಾಕ್ಟರು ಮೊದಲು ಹೇಳಿದ್ದೇ, ಉಜ್ಜೋದು ನಿಲ್ಲಿಸಿ ಅಂತ!

ಈಗ ಕುದಿಯುವಂಥ ನೀರು ಬಿಟ್ಟು ಉಗುರುಬೆಚ್ಚಗಿನ ನೀರು. ಸ್ನಾನ ಹತ್ತೇ ನಿಮಿಷ. ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ಒದ್ದೆಯಿರುವಾಗಲೇ 10% ಯೂರಿಯಾ ಇರುವ ಕ್ರೀಮ್. ಯೂರಿಯಾ ಅಂದಕೂಡಲೇ ಅಪ್ಪ, "ಗದ್ದೆಗೆ ಹಾಕೋದಲ್ವಾ ಅದು?" ಎಂದರು. ಅದೇ ಅಪ್ಪಾ, ಆದರೆ ಚರ್ಮಕ್ಕೆ ನೀರು ಹಿಡಿದಿಡುತ್ತದೆ, ಗಟ್ಟಿಯಾದ ಪದರವನ್ನು ಮೆತ್ತಗೆ ಮಾಡುತ್ತದೆ. ಲ್ಯಾಕ್ಟಿಕ್ ಆಸಿಡ್ ಕ್ರೀಮೂ ಕೆಲಸ ಮಾಡುತ್ತದೆ, ಆದರೆ ಶೇವ್ ಮಾಡಿದ ದಿನ ಹಚ್ಚಿ ನಾನು ಅತ್ತಿದ್ದೇನೆ.

ಪೂರ್ತಿ ಹೋಗುವುದಿಲ್ಲ. ಕೆಲವು ವಾರ ಹಚ್ಚಿದರೆ ನುಣ್ಣಗಾಗುತ್ತದೆ, ಬಿಟ್ಟರೆ ವಾಪಸ್. ಬೆಂಗಳೂರಿನ ಜನವರಿಯ ಒಣ ಗಾಳಿಗಂತೂ ಎರಡು ಸಲ ಬೇಕು.

ಟ್ಯೂಬ್ ಯಾಕೋ ಬೇಗ ಖಾಲಿಯಾಗುತ್ತಿದೆ. ಕೇಳಿದರೆ ಅಮ್ಮ, "ನಂಗ್ಯಾಕೆ ಈ ವಯಸ್ಸಲ್ಲಿ ಅದೆಲ್ಲಾ" ಎನ್ನುತ್ತಾ ಸೀರೆ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡರು.