ಜಿಗ್ ಕಟ್ಟುವ ಮೊದಲು ಒಂದು ಲೋಟ ನೀರು

ಜಿಗ್ ಅಂದರೆ ಲೋಹದ ತಲೆಯಿರುವ ಕೊಕ್ಕೆಗೆ ಪುಕ್ಕ, ಕೂದಲು ಕಟ್ಟಿ ಮಾಡುವ, ಮೀನು ಹಿಡಿಯುವ ಹುಸಿ ಎರೆ. ಅಂಗಡಿಯ ಪೊಟ್ಟಣದಲ್ಲಿ ಹತ್ತಿಯ ಹಾಗೆ ಉಬ್ಬಿಕೊಂಡಿರುವ ಮರಾಬು ಎಂಬ ಮೆತ್ತನೆಯ ಗರಿ ನೀರಿಗೆ ಬಿದ್ದರೆ ಬೆಂಕಿಕಡ್ಡಿಯಷ್ಟೇ ದಪ್ಪ ಉಳಿಯುತ್ತದೆ. ಬಕ್‌ಟೇಲ್, ಅಂದರೆ ಹೊರದೇಶದ ಜಿಂಕೆಯ ಬಾಲದ ಕೂದಲು, ಒದ್ದೆಯಾದರೂ ತನ್ನ ಆಕಾರ ಬಿಡುವುದಿಲ್ಲ. ಮೀನಿಗೆ ಕಾಣುವುದು ಒದ್ದೆಯಾದ ರೂಪ, ಆದರೆ ನಾವು ದುಡ್ಡು ಕೊಡುವುದು ಒಣ ರೂಪ ನೋಡಿ. ಒಂದರಿಂದ ನಾಲ್ಕು ಗ್ರಾಂ ತೂಕದ ಪುಟ್ಟ ಜಿಗ್‌ಗಳಲ್ಲಿ ಇಡೀ ಎಡವಟ್ಟು ಇಲ್ಲಿಂದಲೇ ಶುರು.

ಹಾಗಾಗಿ ಕಟ್ಟಲು ಕೂರುವಾಗ ಪಕ್ಕದಲ್ಲಿ ಉದ್ದನೆಯ ಗಾಜಿನ ಲೋಟದಲ್ಲಿ ನೀರಿರಲಿ. ಹೊಸ ಸಾಮಾನು ಏನೇ ತಂದರೂ ನಾಲ್ಕು ಸೆಂಟಿಮೀಟರಿನ ಒಂದು ಚಿಟಿಕೆ ತೆಗೆದು ಬುಡವನ್ನು ದಾರದಿಂದ ಬಿಗಿದು, ನೀರಲ್ಲಿ ಹಿಂಡಿ, ಲೋಟದೊಳಗೆ ಮೇಲೆ ಕೆಳಗೆ ಆಡಿಸಿ. ಎಳೆದಾಗ ಮುದುಡಿ ನಿಲ್ಲಿಸಿದ ಕೂಡಲೇ ಬಿಚ್ಚಿಕೊಂಡರೆ ಅದು ಬಾಲಕ್ಕೆ ಆಗುತ್ತದೆ. ಮುದುಡಿದ್ದು ಮುದುಡಿಯೇ ಉಳಿದರೆ ಬಾಲಕ್ಕೆ ಬೇಡ, ಮೈಗೆ ಸುತ್ತಲು ನಡೆಯುತ್ತದೆ. ಎರಡನೇ ಸಲ ಅದ್ದಿದರೂ ಗಾಳಿಗುಳ್ಳೆ ಹಿಡಿದುಕೊಂಡೇ ಇದ್ದರೆ ಒಂದು ಗ್ರಾಂ ತಲೆ ಅದನ್ನು ಕೆಳಗೆ ಒಯ್ಯಲು ಒದ್ದಾಡುತ್ತದೆ.

ಗೋವಾದಲ್ಲಿರುವ ನಮ್ಮವರಿಗೆ ಒಂದು ಕಿವಿಮಾತು. ವಾಸ್ಕೋ, ಮಡಗಾಂವ್ ಕಡೆ ಅಂಗಡಿಗೆ ಹೋಗಿ ‘ಗರಿ’ ಕೇಳಿದರೆ ಕೈಗೆ ಬರುವುದು ಕೊಕ್ಕೆ. ಕೊಂಕಣಿ, ಮರಾಠಿ ಎರಡರಲ್ಲೂ ಗರಿ ಎಂದರೆ ಗಾಳದ ಕೊಕ್ಕೆ. ಪುಕ್ಕ ಬೇಕಿದ್ದರೆ ಕೋಳಿಯ ಹೆಸರು ಹೇಳಿಯೇ ಕೇಳಿ.

ಮೊದಲು ತೂಕ. 1/32 ಔನ್ಸ್ ಅಂದರೆ ಸುಮಾರು 0.9 ಗ್ರಾಂ, 1/16 ಅಂದರೆ 1.8, 1/8 ಅಂದರೆ 3.5. ಮಾಂಡೋವಿ, ಜುವಾರಿಯ ಉಬ್ಬರ-ಇಳಿತದ ಸೆಳೆತದಲ್ಲಿ 0.9 ಗ್ರಾಂ ತಳ ಮುಟ್ಟುವ ಮುಂಚೆಯೇ ಎಲ್ಲೋ ಹೋಗಿರುತ್ತದೆ. ಅದು ಕೆರೆಗೆ, ಅಣೆಕಟ್ಟಿನ ನಿಂತ ನೀರಿಗೆ ಸರಿ. ಪುಣೆ ಕಡೆಯ ಓದುಗರು ಅದನ್ನೇ ಇಟ್ಟುಕೊಳ್ಳಬಹುದು. ನದಿಮುಖಕ್ಕೆ 1.8ರಿಂದ ಶುರು ಮಾಡಿ. ಗಾತ್ರ ಹೆಚ್ಚಿಸದೆ ಬೇಗ ಮುಳುಗಿಸಬೇಕೆಂದರೆ ಲೋಹ ಬದಲಿಸಬೇಕು. ರಂಧ್ರ ಲೆಕ್ಕಕ್ಕೆ ಹಿಡಿಯದೆ, 4 ಮಿ.ಮೀ. ಗುಂಡು ಹಿತ್ತಾಳೆಯದಾದರೆ 0.28 ಗ್ರಾಂ, ಸೀಸದ್ದಾದರೆ 0.38, ಟಂಗ್‌ಸ್ಟನ್ ಆದರೆ 0.6ರ ಹತ್ತಿರ. ಟಂಗ್‌ಸ್ಟನ್ ದುಬಾರಿ. ಬಂಡೆ, ಬೇರುಗಳ ನಡುವೆ ದಿನಕ್ಕೆ ಐದಾರು ಜಿಗ್ ಕಳೆದುಕೊಳ್ಳುವ ಜಾಗಕ್ಕೆ ಸೀಸವೇ ಸಾಕು. ಸೀಸ ಮನೆಯಲ್ಲೇ ಎರಕ ಹೊಯ್ಯುವವರು ಅಡುಗೆಮನೆಯಿಂದ ದೂರ, ಬಯಲಲ್ಲಿ ಮಾಡಿ. ಅದು ಕರಗುವುದು 327 ಡಿಗ್ರಿಗೆ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಥಟ್ಟನೆ ಆವಿಯಾಗಿ ಕಾದ ಸೀಸ ಮುಖಕ್ಕೆ ಸಿಡಿಯುತ್ತದೆ. ಮಳೆಗಾಲದಲ್ಲಿ ಆ ಕೆಲಸ ಬೇಡವೇ ಬೇಡ.

ಕೊಕ್ಕೆಯ ನಂಬರು ಏರಿದಷ್ಟೂ ಗಾತ್ರ ಇಳಿಯುತ್ತದೆ. 1.8 ಗ್ರಾಂ ತಲೆಗೆ 6 ಅಥವಾ 8ನೇ ನಂಬರ್ ಹದವಾಗಿ ಕೂರುತ್ತದೆ. ಕಂದು ಬಣ್ಣದ ಕಂಚು ಲೇಪದ ಕೊಕ್ಕೆ ಸಿಹಿನೀರಿನದು. ಉಪ್ಪುನೀರು ತಾಗಿದ ಮರುದಿನವೇ ತುಕ್ಕು ಕಾಣಿಸಿಕೊಂಡು ಬಿಳಿ ಮರಾಬುವಿಗೂ ಚಹಾದ ಕಲೆ ಹತ್ತಿಸುತ್ತದೆ. ತವರ ಲೇಪದ್ದು ಅಥವಾ ಸ್ಟೇನ್‌ಲೆಸ್ ತಗೊಳ್ಳಿ.

ದಾರದ ವಿಷಯದಲ್ಲಿ ದಯವಿಟ್ಟು ಹೊಲಿಗೆ ದಾರ ಮರೆತುಬಿಡಿ. ಗಿಡ್ಡ ನಾರುಗಳನ್ನು ಹೊಸೆದು ಮಾಡಿದ್ದರಿಂದ ಅದಕ್ಕೆ ಜುಂಗು ಜಾಸ್ತಿ, ಹತ್ತು ಸುತ್ತಿಗೇ ಕುತ್ತಿಗೆ ದಪ್ಪಗಾಗುತ್ತದೆ. ಫ್ಲೈ, ಅಂದರೆ ಹುಳುವಿನಂತೆ ಕಾಣುವ ಹಗುರ ಹುಸಿ ಎರೆ, ಕಟ್ಟುವ ದಾರವನ್ನು ಡೆನಿಯರ್‌ನಲ್ಲಿ ಅಳೆಯುತ್ತಾರೆ. 9000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಸಣ್ಣ ಫ್ಲೈಗೆ 70, ಜಿಗ್‌ಗೆ 140, ಗಟ್ಟಿ ಕೂದಲು ಬಿಗಿಯಲು 210. ಅದು ಸಿಗದಿದ್ದರೆ ಎಂಬ್ರಾಯ್ಡರಿ ಮಶೀನಿನ 120/2 ಪಾಲಿಯೆಸ್ಟರ್ ದಾರ ತನ್ನಿ. ಒಟ್ಟು 240 ಡೆನಿಯರ್ ಆಗುತ್ತದೆ, ಹುರಿ ಬಿಚ್ಚಿದರೆ ಚಪ್ಪಟೆಯಾಗಿ ಕೂರುತ್ತದೆ. ಆದರೆ ಅದೇ ಹೊಳಪಿನ ರೇಯಾನ್ ದಾರವೂ ಅದೇ ಕಪಾಟಿನಲ್ಲಿರುತ್ತದೆ. ರೇಯಾನ್ ಒದ್ದೆಯಾದರೆ ಅದರ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ತುದಿಗೆ ಕಡ್ಡಿ ಗೀರಿ ನೋಡಿ: ಕರಗಿ ಮಣಿಯಾದರೆ ಪಾಲಿಯೆಸ್ಟರ್, ಕಾಗದದಂತೆ ಉರಿದು ಬೂದಿಯಾದರೆ ರೇಯಾನ್. ಇನ್ನು ಕಟ್ಟುವಾಗ ದಾರ ಪದೇ ಪದೇ ತುಂಡಾಗುತ್ತಿದ್ದರೆ ದಾರವನ್ನು ಬೈಯುವ ಮುಂಚೆ ಬಾಬಿನ್ನಿನ, ಅಂದರೆ ಕಟ್ಟುವಾಗ ದಾರದ ಉರುಳೆ ಹಿಡಿದಿಡುವ ಸಾಧನದ, ನಳಿಕೆಯ ಬಾಯಿಗೆ ಚೂರು ಹತ್ತಿ ಸವರಿ. ಎಳೆ ಸಿಕ್ಕಿಕೊಂಡರೆ ಅಲ್ಲೇ ಚೂಪಿದೆ.

ಈಗ ಪುಕ್ಕ ಮತ್ತು ತುಪ್ಪಳ. ಮರಾಬು ಮೊದಲು ಅದೇ ಹೆಸರಿನ ಆಫ್ರಿಕಾದ ಕೊಕ್ಕರೆಯಿಂದ ಬರುತ್ತಿತ್ತು. ಈಗ ಸಿಗುವುದು ಟರ್ಕಿ ಕೋಳಿಯದು. ಜವಾರಿ ಹುಂಜದ ಮೈಪುಕ್ಕದ ಬುಡದಲ್ಲಿರುವ ಮೆತ್ತನೆಯ ತುಪ್ಪಳ 8, 10ನೇ ನಂಬರಿನ ಕೊಕ್ಕೆಗೆ ಅದರಷ್ಟೇ ಚೆನ್ನಾಗಿ ಆಡುತ್ತದೆ, ಉದ್ದ ಮಾತ್ರ ಕಡಿಮೆ. ಗೋವಾದಲ್ಲಿ ‘ಗಾವಠಿ’ ಕೋಳಿ ಎಂದು ಕೇಳಿ. ಬ್ರಾಯ್ಲರ್‌ಗೆ ನಲವತ್ತು ದಿನದ ಆಸುಪಾಸಿನಲ್ಲೇ ಕತ್ತಿ ಬೀಳುವುದರಿಂದ ಅದರ ಕತ್ತಿನ ಗರಿ ಬಲಿತಿರುವುದಿಲ್ಲ, ಕೊಕ್ಕೆಗೆ ಸುತ್ತಿದರೆ ನಡುವೆ ಮುರಿಯುತ್ತದೆ. ಹಸಿ ಪುಕ್ಕವನ್ನು ಪಾತ್ರೆ ಸೋಪಿನ ನೀರಲ್ಲಿ ಎರಡು ಸಲ ತೊಳೆದು ನೆರಳಲ್ಲಿ ಒಣಗಿಸಿ, ಜಿಪ್ ಚೀಲದಲ್ಲಿ ಮುಚ್ಚಿ ಮೂರು ದಿನ ಫ್ರೀಜರ್, ಒಂದು ದಿನ ಹೊರಗೆ, ಮತ್ತೆ ಮೂರು ದಿನ ಫ್ರೀಜರ್. ಇದನ್ನು ಬಿಟ್ಟರೆ ಒಂದೇ ಹುಳು ಇಡೀ ಡಬ್ಬಿಯನ್ನು ಪುಡಿ ಮಾಡುತ್ತದೆ.

ಬಕ್‌ಟೇಲ್ ಕೊಳ್ಳುವುದಾದರೆ ಬಾಲದ ತುದಿ ಕಡೆಯ ಮೂರನೇ ಎರಡು ಭಾಗ ಮಾತ್ರ ಬಳಸಿ. ಬುಡದ ಕೂದಲು ಟೊಳ್ಳು, ದಾರ ಬಿಗಿದರೆ ಪೊರಕೆಯಂತೆ ಅರಳುತ್ತದೆ. ಮೇಕೆ ಕೂದಲು ಗಟ್ಟಿಯಾಗಿರುವುದರಿಂದ ಅರಳುವುದಿಲ್ಲ, ಆದರೆ ಜಾರುತ್ತದೆ. ಬುಡಕ್ಕೆ ಅಂಟು ಹಾಕದಿದ್ದರೆ ಎರಡನೇ ಮೀನಿಗೇ ಕಿತ್ತು ಬರುತ್ತದೆ. ನನ್ನ ಪ್ರಕಾರ ಈ ಸೀಮೆಗೆ ಎಲ್ಲಕ್ಕಿಂತ ಲಾಭದ ಸಾಮಾನು ಆಟಿಕೆ ಗೊಂಬೆಗೆ ಹಾಕುವ ಉದ್ದ ಎಳೆಯ ಕೃತಕ ತುಪ್ಪಳ. ಎಳೆ ನಾಲ್ಕೈದು ಸೆಂಟಿಮೀಟರ್ ಇರಬೇಕು. ಬಟ್ಟೆಯ ಹತ್ತಿರ ಕತ್ತರಿಸಿ, ತುದಿ ಹಿಡಿದು ಬುಡದಲ್ಲಿರುವ ಗಿಡ್ಡ ಜುಂಗನ್ನು ಹೇನಿನ ಬಾಚಣಿಗೆಯಿಂದ ಬಾಚಿ ತೆಗೆಯಿರಿ. ತೆಗೆಯದಿದ್ದರೆ ಕಟ್ಟಿನ ಜಾಗ ಉಂಡೆಯಾಗುತ್ತದೆ.

ಸಾಮಾನು ಆರಿಸುವಾಗ ಕಾನೂನನ್ನೂ ನೋಡಬೇಕು. ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿ, ಮೇಣದಂತೆ ಹೊಳೆಯುವ ಹಳದಿ ಚುಕ್ಕೆಯದು, ಬ್ರಿಟನ್ನಿನ ಸಾಲ್ಮನ್ ಫ್ಲೈಗಳಲ್ಲಿ ಪ್ರಸಿದ್ಧ. ನಮ್ಮಲ್ಲಿ ಅದೂ, ಮುಂಗುಸಿ ಕೂದಲಿನ ಕುಂಚವೂ, ನಮ್ಮ ಕಾಡಿನ ಜಿಂಕೆ, ಕಡವೆಯ ಕೂದಲೂ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಅಪರಾಧದ ವಸ್ತು. ತಾನಾಗಿ ಉದುರಿದ ನವಿಲುಗರಿಗೆ ದೇಶದೊಳಗೆ ಅಡ್ಡಿಯಿಲ್ಲ, ಹೊರದೇಶದ ಗೆಳೆಯರಿಗೆ ಮಾತ್ರ ಕಳಿಸುವ ಹಾಗಿಲ್ಲ. ಅದರ ಹಸಿರೆಳೆ ಮೈಗೆ ಸುತ್ತಲು ಸೊಗಸು, ಆದರೆ ಮೀನಿನ ಹಲ್ಲಿಗೆ ಹರಿಯುತ್ತದೆ. ದಾರದ ಜೊತೆ ಹೊಸೆದೇ ಸುತ್ತಿ.

ಹೊಳಪಿಗೆ ಗಣೇಶ ಚೌತಿಯ ಅಲಂಕಾರದ ಚಮಕಿ ಎಳೆ ಸಾಕು, ತೆಳುವಾಗಿ ಬಳುಕಬೇಕು ಅಷ್ಟೇ. ನಾಲ್ಕು ಎಳೆ ದಾಟಬೇಡಿ. ಜರಿ ದಾರ ಮೈಮೇಲೆ ಗೆರೆ ಸುತ್ತಲು ಚೆಂದ. ಲೋಹದ ಜರಿ ಉಪ್ಪಿಗೆ ಕಪ್ಪಾಗುತ್ತದೆ, ಪಾಲಿಯೆಸ್ಟರ್ ಜರಿ ಆಗುವುದಿಲ್ಲ.

ಬಣ್ಣದ ಬಗ್ಗೆ ಜನ ಪುಟಗಟ್ಟಲೆ ಬರೆಯುತ್ತಾರೆ. ನದಿಮುಖದಲ್ಲಿ ಸಿಗಡಿಯೇ ಮೀನಿನ ದೊಡ್ಡ ಊಟ, ಆದ್ದರಿಂದ ತಿಳಿ ನೀರಿಗೆ ಮಾಸಲು ಕಂದು, ನಸುಗುಲಾಬಿ, ಪಾಚಿ ಹಸಿರು. ಮಳೆಯ ಕೆಂಪು ನೀರಿಗೆ ಕಪ್ಪು ಅಥವಾ ಕಣ್ಣು ಕುಕ್ಕುವ ಗಿಳಿಹಸಿರು. ಹೊಳೆಯುವ ಬಣ್ಣವನ್ನು ಬರೀ ಸೀಸದ ಮೇಲೆ ಹಚ್ಚಿದರೆ ಮಂಕಾಗುತ್ತದೆ. ಅಡಿಯಲ್ಲಿ ಬಿಳಿ ಬೇಕು, ಅದು ಪೂರ್ತಿ ಒಂದು ದಿನ ಒಣಗಬೇಕು.

1.8 ಗ್ರಾಂ ತಲೆ, 6ನೇ ನಂಬರ್ ಕೊಕ್ಕೆಯ ಮೇಲೆ ಒಂದು ಕಟ್ಟಿ ನೋಡೋಣ. ತಲೆಯ ಹಿಂದಿನಿಂದ ಕೊಕ್ಕೆ ಬಾಗುವ ಜಾಗದ ತನಕ ದಾರದ ಹಾಸು. ಮರಾಬುವನ್ನು ಬೆರಳಿನಿಂದ ಒದ್ದೆ ಮಾಡಿ ಹಿಂಡಿ, ಬೆಂಕಿಕಡ್ಡಿ ದಪ್ಪ ಬಂದಿತೇ ನೋಡಿ, ಕೊಕ್ಕೆಯ ನೇರ ಕಡ್ಡಿಯಷ್ಟೇ ಉದ್ದ ಹಿಂದೆ ಬಿಟ್ಟು ಕಟ್ಟಿ. ಉದ್ದ ಜಾಸ್ತಿಯಾದರೆ ಕತ್ತರಿ ಬೇಡ, ಉಗುರಿನಿಂದ ಚಿವುಟಿ. ಕತ್ತರಿಸಿದ ತುದಿ ಕುಂಚದಂತೆ ಮೊಂಡಾಗುತ್ತದೆ. ಬಾಲ ಕಡ್ಡಿಯ ಒಂದೂವರೆ ಪಟ್ಟು ದಾಟಿದರೆ ಎಸೆದಾಗ ಕೊಕ್ಕೆಗೇ ಸುತ್ತಿಕೊಳ್ಳುತ್ತದೆ, ಮೀನೂ ತುದಿ ಕಚ್ಚಿ ಬಿಡುತ್ತದೆ. ಉಳಿದ ಮರಾಬು ಬುಡವನ್ನು ಕೊಕ್ಕೆ ಬಾಗುವ ಜಾಗದಲ್ಲೇ ಕತ್ತರಿಸಬೇಡಿ, ಕಡ್ಡಿಯುದ್ದಕ್ಕೂ ಮಲಗಿಸಿ ತಲೆಯ ಹಿಂದೆ ಕತ್ತರಿಸಿ. ಆಗ ಮೈ ಸಮ ಇರುತ್ತದೆ. ಅದರ ಮೇಲೆ ಎರಡು ಮಿ.ಮೀ. ಶೆನಿಲ್ (ತುಪ್ಪಳದಂಥ ಮೆತ್ತನೆಯ ದಾರ) ಐದಾರು ಸುತ್ತು, ಮುಂದೆ ಐದೈದು ಸುತ್ತಿನ ಎರಡು ವಿಪ್ ಗಂಟು, ಅಂದರೆ ದಾರದ ತುದಿಯನ್ನು ಅದರದೇ ಸುತ್ತುಗಳ ಕೆಳಗೆ ಎಳೆದು ಮುಗಿಸುವ ಗಂಟು.

ಕೊನೆಗೆ ಅಂಟು. ಫೆವಿಕ್ವಿಕ್‌ ಅನ್ನು ಟ್ಯೂಬಿನಿಂದ ನೇರ ಹಿಂಡಿದರೆ ಅದು ದಾರದ ಸಂದಿಯಲ್ಲಿ ಹರಿದು ಬಾಲಕ್ಕೆ ಹತ್ತಿ, ಆಡಬೇಕಾದ ಮರಾಬು ಕಡ್ಡಿಯಾಗುತ್ತದೆ. ಇಲ್ಲಿನ ತೇವದ ಗಾಳಿಗೆ ಸುತ್ತಲೂ ಬಿಳಿ ಬೂಷ್ಟಿನಂಥ ಪುಡಿಯೂ ಕೂರುತ್ತದೆ. ಸೂಜಿಯ ತುದಿಯಿಂದ ಗಂಟಿಗೆ ಒಂದೇ ಹನಿ ಮುಟ್ಟಿಸಿ. ನೇಲ್ ಪಾಲಿಶ್ ಆದರೆ ತೆಳುವಾಗಿ ಎರಡು ಕೈ, ಆದರೆ ತಲೆಯ ಬಣ್ಣಕ್ಕೆ ತಾಗದ ಹಾಗೆ. ಅದರಲ್ಲಿರುವ ದ್ರಾವಕ ಕೆಳಗಿನ ಬಣ್ಣವನ್ನು ಕದಡುತ್ತದೆ.

ಹೊಳೆಯಿಂದ ಬಂದ ಮೇಲೆ ಜಿಗ್‌ಗಳನ್ನು ಸಿಹಿನೀರಲ್ಲಿ ಜಾಲಿಸಿ, ರಾತ್ರಿಯಿಡೀ ಫ್ಯಾನಿನ ಕೆಳಗೆ ಬಿಟ್ಟು, ಸಿಲಿಕಾ ಜೆಲ್ ಪುಡಿಕೆ ಜೊತೆ ಡಬ್ಬಿಗೆ ಹಾಕಿ. ರಬ್ಬರ್ ಕಾಲಿನ ಜಿಗ್‌ಗಳಿಗೆ ಬೇರೆ ಡಬ್ಬಿ ಇರಲಿ. ಸೆಖೆಗೆ ಲೇಟೆಕ್ಸ್ ಅಂಟಂಟಾಗಿ ಪಕ್ಕದ ಗರಿಗೆಲ್ಲ ಮೆತ್ತಿಕೊಂಡರೆ ಬಿಡಿಸಲು ಆಗುವುದಿಲ್ಲ.