‘ಟೇಕ್’ ಅಂದ್ರೆ ಬರೀ ‘ತಗೊ’ ಅಲ್ಲ

ಇಂಗ್ಲಿಷಿನ ‘ಟೇಕ್’ ಕಂಡಲ್ಲೆಲ್ಲ ‘ತಗೊ’ ಅಂತ ಹಾಕಿದರೆ ಎಡವಟ್ಟು ಗ್ಯಾರಂಟಿ. ‘ಟೇಕ್ ಟೂ ಟ್ಯಾಬ್ಲೆಟ್ಸ್’ಗೆ ಸರಿ, ಎರಡು ಮಾತ್ರೆ ತಗೊಳ್ಳಿ. ಆದರೆ ‘ಇಟ್ ಟೇಕ್ಸ್ ಟೂ ಅವರ್ಸ್’ ಅಂದಾಗ ನಮ್ಮಲ್ಲಿ ಎರಡು ಗಂಟೆ ‘ಹಿಡಿಯುತ್ತೆ’, ‘ಟೇಕ್ ಎ ಫೋಟೊ’ ಅಂದಾಗ ಫೋಟೊ ‘ತೆಗೀತೀವಿ’.

ಹೆಚ್ಚು ತಪ್ಪಾಗೋದು ಒಯ್ಯುವ ಅರ್ಥದಲ್ಲಿ. ಇಂಗ್ಲಿಷಿಗೆ ಕೊಡೆಯೂ ಒಂದೇ, ಅಜ್ಜಿಯೂ ಒಂದೇ. ಕನ್ನಡದಲ್ಲಿ ಕೊಡೆ ತಗೊಂಡು ಹೋಗ್ತೀವಿ, ಅಜ್ಜಿಯನ್ನು ಕರ್ಕೊಂಡು ಹೋಗ್ತೀವಿ, ಕೂಸನ್ನು ಎತ್ಕೊಂಡು ಹೋಗ್ತೀವಿ. ‘ಅಜ್ಜಿಯನ್ನು ಆಸ್ಪತ್ರೆಗೆ ತಗೊಂಡು ಹೋದ್ರು’ ಅಂದರೆ ಕೇಳಿದವರ ಎದೆ ಧಸಕ್ ಅನ್ನುತ್ತೆ.

ಇಂಗ್ಲಿಷಿನಲ್ಲಿ ಪರೀಕ್ಷೆ ‘ಟೇಕ್’ ಮಾಡೋದು ವಿದ್ಯಾರ್ಥಿ. ‘ಗಿವ್’ ಅಂದರೆ ಅಮೆರಿಕದಲ್ಲಿ ಅದು ಮೇಷ್ಟ್ರ ಕೆಲಸ. ನಾವು ಪರೀಕ್ಷೆ ಬರೀತೀವಿ. ‘ಟೇಕ್ ಆಫ್’ ವಿಮಾನಕ್ಕೆ ಹಾರೋದು, ಅಂಗಿಗೆ ಬಿಚ್ಚೋದು, ಚಪ್ಪಲಿಗಾದರೆ ಬಾಗಿಲ ಹೊರಗೆ ಬಿಡೋದು.